ಪುಣೆಯ ಫ್ಲ್ಯಾಟಿನಲ್ಲಿ ದೀಪಾವಳಿ: ಚಿಕ್ಕ ಮಕ್ಕಳನ್ನು ಜೊತೆಗಿಟ್ಟುಕೊಂಡೇ ತಯಾರಿ ಮಾಡುವ ಬಗೆ

ದೀಪಾವಳಿಗೆ ಇನ್ನೂ ಮೂರು ವಾರ ಇದೆ ಅನ್ನುವಾಗಲೇ ಕೈ ಹಾಕಿದರೆ ಚಿಕ್ಕ ಮಕ್ಕಳಿರುವ ಮನೆಯಲ್ಲೂ ಹಬ್ಬ ಸಲೀಸಾಗಿ ಆಗುತ್ತದೆ. ಎಲ್ಲವನ್ನೂ ಕೊನೆಯ ನಾಲ್ಕು ದಿನಕ್ಕೆ ಇಟ್ಟುಕೊಂಡರೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಮಕ್ಕಳ ಕೈಗೆ ಮೊಬೈಲು ಹೋಗುತ್ತದೆ. ದೊಡ್ಡವರ ಬಾಯಲ್ಲಿ ದಿನವಿಡೀ ‘ಮುಟ್ಟಬೇಡ’, ‘ಆ ಕಡೆ ಹೋಗು’ ಅನ್ನುವುದೇ ಆಗುತ್ತದೆ. ಹಬ್ಬದ ದಿನ ಬಂದಾಗ ಹೊಸ ಬಟ್ಟೆ ಹಾಕಿಕೊಂಡು ಎಲ್ಲರೂ ಸುಸ್ತಾಗಿ ಕೂತಿರುತ್ತಾರೆ.

ನಾವು ಧಾರವಾಡದ ಕಡೆಯವರು. ಪುಣೆಗೆ ಬಂದು ನೆಲೆಸಿದ ಮೇಲೆ ನಮ್ಮ ಮನೆಯ ದೀಪಾವಳಿಗೆ ಎರಡೂ ಊರಿನ ರೂಢಿ ಸೇರಿಕೊಂಡಿದೆ. ನೀರು ತುಂಬುವ ಹಬ್ಬ, ಬಾಗಿಲಲ್ಲಿ ಇಡುವ ಪಾಂಡವರು ನಮ್ಮೂರಿನಿಂದ ಬಂದದ್ದು. ಮಣ್ಣಿನ ಕಿಲ್ಲಾ ಅಂದರೆ ಪುಟ್ಟ ಕೋಟೆ, ಕಾರೀಟ್ ಕಾಯಿ ಒಡೆಯುವುದು, ಫರಾಳ ಅನ್ನುವ ಹಬ್ಬದ ತಿಂಡಿಗಳ ತಟ್ಟೆ ಇಲ್ಲಿ ಕಲಿತದ್ದು. ಮನೆಯಲ್ಲಿ ಎಂಟು ವರ್ಷದ ಮಗಳು, ಮೂರು ವರ್ಷದ ಮಗ ಇದ್ದಾರೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ, ಎರಡು ಬೆಡ್‌ರೂಮು ಒಂದು ಬಾಲ್ಕನಿ ಇರುವ ಮನೆಗೆ ಹೊಂದುವ ಹಾಗೆ ಇದನ್ನು ಬರೆದಿದ್ದೇನೆ.

ನನ್ನ ಮಾತು ಒಂದೇ. ಮಕ್ಕಳನ್ನು ಸುಮ್ನೆ ಒಂದು ಕಡೆ ಕೂರಿಸಿ ತಯಾರಿ ಮಾಡಬೇಡಿ, ಅವರ ಕೈಗೆ ನಿಜವಾದ ಕೆಲಸ ಕೊಡಿ. ಮಕ್ಕಳ ಪಾಲಿಗೆ ಹಬ್ಬ ಶುರುವಾಗುವುದು ಮೊದಲ ಚೀಲ ಮಣ್ಣು ಮನೆಗೆ ಬಂದ ದಿನವೇ.

ಮೊದಲು ಕ್ಯಾಲೆಂಡರ್ ಹಿಡಿದು ಕೂರಿ

ಮಹಾರಾಷ್ಟ್ರದಲ್ಲಿ ಹಬ್ಬ ಆಶ್ವಯುಜ ಬಹುಳ ದ್ವಾದಶಿಯ ವಸುಬಾರಸ್‌ನಿಂದಲೇ, ಅಂದರೆ ಹಸು ಕರುವಿನ ಪೂಜೆಯ ದಿನದಿಂದಲೇ ಶುರು. ಮರುದಿನ ತ್ರಯೋದಶಿ, ಅಂದರೆ ಇಲ್ಲಿಯವರ ಧನತ್ರಯೋದಶಿ, ನಮಗೆ ಸಂಜೆ ನೀರು ತುಂಬುವ ಹಬ್ಬ. ಆಮೇಲೆ ನರಕ ಚತುರ್ದಶಿ, ಅಮಾವಾಸ್ಯೆಯ ಲಕ್ಷ್ಮೀಪೂಜೆ, ಬಲಿಪಾಡ್ಯಮಿ, ಕೊನೆಗೆ ಭಾವುಬೀಜ್. ಕೆಲವು ವರ್ಷ ತಿಥಿ ಕೂಡಿಕೊಂಡು ಒಂದೇ ದಿನ ಎರಡು ಬರುತ್ತವೆ, ಕೆಲವು ವರ್ಷ ನಡುವೆ ಒಂದು ದಿನ ಖಾಲಿ ಬಿಡುತ್ತದೆ. ಹಾಗಾಗಿ ಪಂಚಾಂಗ ನೋಡಿಯೇ ದಿನ ಗುರುತು ಮಾಡಿ, ನೀರು ತುಂಬುವ ಹಬ್ಬದಿಂದ ಹಿಂದಕ್ಕೆ ಎಣಿಸುತ್ತ ಬನ್ನಿ.

ಹೆಚ್ಚುಕಡಿಮೆ ಹೀಗೆ ಹಂಚಿಕೊಳ್ಳಬಹುದು. ಹಬ್ಬಕ್ಕೆ ಮೂರು ವಾರ ಇರುವಾಗ ಮನೆ ಸ್ವಚ್ಛ ಮತ್ತು ಬಟ್ಟೆ. ಎರಡನೇ ವಾರ ಕಿಲ್ಲಾ ಮತ್ತು ಆಕಾಶಬುಟ್ಟಿ. ಕೊನೆಯ ವಾರ ಫರಾಳ. ಕೊನೆಯ ಎರಡು ದಿನ ಹೂವು, ಹಣ್ಣು ಬಿಟ್ಟು ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಒಬ್ಬರಿಗಾದರೂ ನೆಗಡಿ, ಜ್ವರ ಬಂದೇ ಬರುತ್ತದೆ. ಆ ಎರಡು ದಿನ ಅದಕ್ಕಾಗಿ ಇರಲಿ.

ಈ ಪಟ್ಟಿಯನ್ನು ದೊಡ್ಡ ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ದೊಡ್ಡವರ ಕಣ್ಣಿಗೆ ಬೇಡ, ಮಕ್ಕಳ ಕಣ್ಣಿನ ಎತ್ತರಕ್ಕೆ ಅಂಟಿಸಿ. ಓದಲು ಬಾರದ ಮಗುವಿಗೆ ಪೊರಕೆ, ಕೋಟೆ, ಉಂಡೆ, ದೀಪದ ಚಿತ್ರ ಸಾಕು. ಮುಗಿದ ಕೆಲಸಕ್ಕೆ ಅಡ್ಡಗೆರೆ ಎಳೆಯುವ ಅಧಿಕಾರ ಅವರದ್ದೇ.

ಊರಿನಿಂದ ಅಜ್ಜ ಅಜ್ಜಿ ಬರುವವರಿದ್ದರೆ ರೈಲಿನ ಟಿಕೆಟು ಇನ್ನೂ ಮುಂಚಿನ ಮಾತು. 2024ರ ನವೆಂಬರಿನಿಂದ ಮುಂಗಡ ಕಾಯ್ದಿರಿಸುವ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ಹೋಗುವ ಬರುವ ಎರಡೂ ದಿನಾಂಕಕ್ಕೆ 60 ದಿನ ಹಿಂದಕ್ಕೆ ಎಣಿಸಿ ಮೊಬೈಲಿನಲ್ಲಿ ಅಲಾರ್ಮ್ ಇಟ್ಟುಬಿಡಿ.

ಮನೆ ಸ್ವಚ್ಛ

ಇದಕ್ಕೆ ಜಾಸ್ತಿ ಹೇಳುವುದಿಲ್ಲ. ದಿನಕ್ಕೆ ಒಂದು ಕಪಾಟು ಅಥವಾ ಒಂದು ಕೋಣೆ, ಅಷ್ಟೇ. ಮಕ್ಕಳ ಪಾಲಿಗೆ ಆಟದ ಸಾಮಾನಿನ ಡಬ್ಬ ಬರಲಿ: ಇಟ್ಟುಕೊಳ್ಳುವುದು, ಕೊಡುವುದು, ಒಡೆದದ್ದು ಅಂತ ಮೂರು ರಾಶಿ. ಕೊಡುವ ರಾಶಿಯನ್ನು ಅವರೇ ಆರಿಸಬೇಕು, ಅವರ ಕಣ್ಣು ತಪ್ಪಿಸಿ ನೀವು ಸೇರಿಸಬೇಡಿ. ಚಿಕ್ಕವನಿಗೆ ಒದ್ದೆ ಬಟ್ಟೆ ಕೊಟ್ಟು ಕುರ್ಚಿಯ ಕಾಲು ಒರೆಸಲು ಹೇಳಿ. ಆ ಕೆಲಸಕ್ಕೆ ಬಗ್ಗುವಷ್ಟು ಪುಟ್ಟವರು ಮನೆಯಲ್ಲಿ ಅವರೊಬ್ಬರೇ ಅಲ್ವಾ. ಆ್ಯಸಿಡ್, ಫಿನಾಯಿಲ್ ಬಾಟಲಿ ನೆಲದ ಮೇಲೆ ಇಡಬೇಡಿ, ನೀರಿನ ಬಾಟಲಿಗೆ ಸುರಿದು ಇಡುವುದಂತೂ ಬೇಡವೇ ಬೇಡ. ಅಟ್ಟದ ಕೆಲಸ, ಫ್ಯಾನ್ ಒರೆಸುವ ಕೆಲಸ ಮಕ್ಕಳು ಶಾಲೆಯಲ್ಲಿರುವಾಗ ಆಗಲಿ.

ಕಿಲ್ಲಾ: ಇದಕ್ಕೇ ಹೆಚ್ಚು ಸಮಯ ಕೊಡಿ

ಕರ್ನಾಟಕದಿಂದ ಹೊಸದಾಗಿ ಬಂದವರು ಇದನ್ನು ನೋಡಿರುವುದಿಲ್ಲ. ದೀಪಾವಳಿ ರಜೆ ಬಿದ್ದರೆ ಸಾಕು, ಪುಣೆಯ ಮಕ್ಕಳು ಅಂಗಳದಲ್ಲಿ, ಪಾರ್ಕಿಂಗಿನ ಮೂಲೆಯಲ್ಲಿ, ಹಳೇ ವಾಡೆಗಳ ಚೌಕದಲ್ಲಿ ಮಣ್ಣಿನ ಕೋಟೆ ಕಟ್ಟುತ್ತಾರೆ. ತುದಿಯಲ್ಲಿ ಶಿವಾಜಿ ಮಹಾರಾಜರ ಮೂರ್ತಿ, ಬುರುಜುಗಳ ಮೇಲೆ ಮಾವಳೆ ಸೈನಿಕರು, ಕೆಳಗೆ ಹೊಲ, ಬಾವಿ, ಎತ್ತು, ಗಾಡಿ. ಹತ್ತು ದಿನ ಮಕ್ಕಳನ್ನು ಪರದೆಯಿಂದ ದೂರ ಇಡುವ ಕೆಲಸ ಇದಕ್ಕಿಂತ ಒಳ್ಳೆಯದು ನನಗಂತೂ ಗೊತ್ತಿಲ್ಲ. ಹಬ್ಬದ ಬೇರೆ ಯಾವುದನ್ನಾದರೂ ಕೈಬಿಡಿ, ಕಿಲ್ಲಾ ಮಾತ್ರ ಬಿಡಬೇಡಿ.

ಜಾಗ ಮೊದಲು. ಸೊಸೈಟಿಯ ಅಂಗಳದಲ್ಲಿ ಕಟ್ಟುವುದಾದರೆ ಸೆಕ್ರೆಟರಿಯವರಿಗೆ ಮೊದಲೇ ಹೇಳಿ. ನಾಲ್ಕು ಮನೆಯ ಮಕ್ಕಳು ಸೇರಿ ಕಟ್ಟಿದರೆ ಇನ್ನೂ ಚೆಂದ. ಬಾಲ್ಕನಿಯಲ್ಲಾದರೆ ಮೂರು ಅಡಿ ಉದ್ದ, ಎರಡು ಅಡಿ ಅಗಲ ಸಾಕು. ಕೆಳಗೆ ಹಳೆಯ ತಾಡಪತ್ರಿ ಹಾಸಿ, ನೀರು ಹೋಗುವ ಜಾಲಿ ಮುಚ್ಚದ ಹಾಗೆ ನೋಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಕಿಲ್ಲಾವನ್ನು ಬಾಲ್ಕನಿಯ ಕಠಡೆಗೆ (ಅಂಚಿನ ತಡೆಗೋಡೆ ಅಥವಾ ಕಂಬಿಗೆ) ಒತ್ತಿ ಕಟ್ಟಬೇಡಿ, ಮನೆಯ ಗೋಡೆಯ ಕಡೆಗೆ ಕಟ್ಟಿ. ಕಠಡೆಯ ಪಕ್ಕ ಒಂದೂವರೆ ಅಡಿ ಎತ್ತರದ ಗುಡ್ಡ ಇದ್ದರೆ ಮೂರು ವರ್ಷದ ಮಗುವಿಗೆ ಅದೇ ಮೆಟ್ಟಿಲಾಗುತ್ತದೆ. ಕುರ್ಚಿ, ಕುಂಡಗಳನ್ನೂ ಆ ಹತ್ತು ದಿನ ಅಲ್ಲಿಂದ ಸರಿಸಿಬಿಡಿ.

ಯಾವ ಕೋಟೆ ಅನ್ನುವುದನ್ನು ಮಕ್ಕಳ ಜೊತೆ ಕೂತು ತೀರ್ಮಾನಿಸಿ, ಕಥೆ ಹೇಳಲು ಅದೇ ಸಮಯ. ಶಿವನೇರಿ ಶಿವಾಜಿ ಮಹಾರಾಜರು 1630ರಲ್ಲಿ ಹುಟ್ಟಿದ ಕೋಟೆ. 1674ರಲ್ಲಿ ಪಟ್ಟಾಭಿಷೇಕ ಆದದ್ದು ರಾಯಗಡದಲ್ಲಿ. ಸಿಂಹಗಡ ಪುಣೆಯ ಮಕ್ಕಳಿಗೆಲ್ಲ ಪರಿಚಯ, 1670ರಲ್ಲಿ ತಾನಾಜಿ ಮಾಲುಸರೆ ಅಲ್ಲಿಯೇ ಹೋರಾಡಿ ಮಡಿದದ್ದು. ಸಿಂಧುದುರ್ಗ ಸಮುದ್ರದ ನಡುವೆ ಇರುವುದರಿಂದ ತಟ್ಟೆಯಲ್ಲಿ ನೀರು ನಿಲ್ಲಿಸಿ ಕಟ್ಟಬಹುದು, ಪುಟ್ಟ ಮಕ್ಕಳಿಗೆ ಅದು ಬಹಳ ಇಷ್ಟ. 2025ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಮರಾಠಾ ಕಾಲದ 12 ಕೋಟೆಗಳು ಸೇರಿದವು. ಅದರಲ್ಲಿ 11 ಮಹಾರಾಷ್ಟ್ರದವು, ಒಂದು ತಮಿಳುನಾಡಿನ ಜಿಂಜಿ. ದೊಡ್ಡ ಮಗು ಇದ್ದರೆ ಆ 12 ಹೆಸರು ಬರೆಸಿ, ವರ್ಷಕ್ಕೆ ಒಂದರಂತೆ ಕಟ್ಟಿಸಬಹುದು.

ಒಂದು ವರ್ಷ ಚಿತ್ರದುರ್ಗವನ್ನೂ ಕಟ್ಟಿ ನೋಡಿ. ಕಿಲ್ಲಾ ಅಂದ ಮೇಲೆ ಮಹಾರಾಷ್ಟ್ರದ್ದೇ ಆಗಬೇಕು ಅಂತ ಯಾವ ಕಟ್ಟಳೆಯೂ ಇಲ್ಲ. ಏಳು ಸುತ್ತಿನ ಕೋಟೆ, ಬಂಡೆಗಳ ನಡುವೆ ಒಂದು ಕಿಂಡಿ, ಕಿಂಡಿಯ ಬಾಯಲ್ಲಿ ಒನಕೆ ಹಿಡಿದು ನಿಂತ ಓಬವ್ವ. ಸುತ್ತಿನ ಗೋಡೆ ಕಟ್ಟುವುದು ಮಕ್ಕಳಿಗೆ ಬುರುಜು ಕಟ್ಟುವುದಕ್ಕಿಂತ ಸುಲಭ. ಕೆಳಗಿನ ಮನೆಯ ಮಕ್ಕಳು ಬಂದು ಈ ಒನಕೆಯ ಹೆಂಗಸು ಯಾರು ಅಂತ ಕೇಳಿದಾಗ ನಿಮ್ಮ ಮಗಳು ಹೈದರಾಲಿಯ ಸೈನಿಕರ ಕಥೆಯನ್ನು ಮರಾಠಿಯಲ್ಲಿ ಹೇಳಲಿ. ಅದೇ ಸಂಜೆ ಅಜ್ಜಿಗೆ ಫೋನ್ ಮಾಡಿ ರಾಯಗಡದ ಕಥೆಯನ್ನು ಕನ್ನಡದಲ್ಲಿ ಹೇಳಲಿ. ಪರ ಊರಲ್ಲಿ ಬೆಳೆಯುವ ಮಕ್ಕಳಿಗೆ ಎರಡೂ ಊರು ತಮ್ಮವೇ ಅನ್ನಿಸುವುದು ಇಂಥ ಕೆಲಸದಿಂದ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಇನ್ನು ಕಟ್ಟುವುದು. ಇಡೀ ಗುಡ್ಡವನ್ನು ಮಣ್ಣಿನಲ್ಲೇ ಮಾಡಬೇಡಿ, ಭಾರವೂ ಜಾಸ್ತಿ, ಒಣಗಲು ದಿನವೂ ಜಾಸ್ತಿ. ಒಳಗೆ ಇಟ್ಟಿಗೆ, ಬೋರಲು ಹಾಕಿದ ಹಳೆಯ ಟಬ್ಬು, ರಟ್ಟಿನ ಪೆಟ್ಟಿಗೆ ಜೋಡಿಸಿ. ಸಂದಿಯಲ್ಲಿ ಮುದುಡಿದ ಪೇಪರು ತುಂಬಿ. ಮಣ್ಣನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಹಳೆಯ ಗೋಣಿಚೀಲವನ್ನು ಅದರಲ್ಲಿ ಅದ್ದಿ ಆ ಒಡಲಿನ ಮೇಲೆ ಹೊದಿಸಿ. ಗೋಣಿ ಮಡಿಕೆ ಬಿದ್ದ ಕಡೆಯೆಲ್ಲ ತಾನಾಗಿಯೇ ಬೆಟ್ಟದ ಕೊರಕಲು ಮೂಡುತ್ತದೆ. ಅದರ ಮೇಲೆ ಗಟ್ಟಿಯಾಗಿ ಕಲಸಿದ ಮಣ್ಣನ್ನು ಒಂದು ಬೆರಳು ದಪ್ಪ ಮೆತ್ತಿ.

ನರ್ಸರಿಯಲ್ಲಿ ಸಿಗುವ ಕೆಂಪು ಮಣ್ಣು ತನ್ನಿ. ಕಪ್ಪು ಎರೆಮಣ್ಣು ಒಣಗಿದ ಹಾಗೆ ಬಿರುಕು ಬಿಡುತ್ತದೆ. ಮೊದಲ ಎರಡು ದಿನ ಮೇಲೆ ಒದ್ದೆ ಬಟ್ಟೆ ಹಾಕಿಟ್ಟರೆ ಕೆಂಪು ಮಣ್ಣೂ ಸೀಳುವುದಿಲ್ಲ. ಅಕ್ಟೋಬರಿನಲ್ಲಿ ಪುಣೆಗೆ ಸಂಜೆಯ ಗುಡುಗು ಮಳೆ ಹೊಸದಲ್ಲ. ಒಂದು ಪ್ಲಾಸ್ಟಿಕ್ ಹಾಳೆ ಪಕ್ಕದಲ್ಲೇ ಇರಲಿ.

ಕೆಲಸ ಹಂಚುವಾಗ ವಯಸ್ಸು ನೋಡಿ ಹಂಚಿ. ಮೂರು ವರ್ಷದವನು ಮಣ್ಣು ತುಳಿಯಲಿ, ಕಲ್ಲು ಆರಿಸಲಿ, ಸ್ಪ್ರೇ ಬಾಟಲಿಯಲ್ಲಿ ನೀರು ಹೊಡೆಯಲಿ. ಐದಾರು ವರ್ಷದವರು ಗೋಡೆ ಮೆತ್ತಲಿ, ಬುರುಜಿಗೆ ಲೋಟದ ಅಚ್ಚು ಒತ್ತಲಿ. ಎಂಟು ದಾಟಿದವರು ಐಸ್‌ಕ್ರೀಮ್ ಕಡ್ಡಿ ಹಿಡಿದು ಮೆಟ್ಟಿಲು ಕೊರೆಯಲಿ, ಮಹಾದರವಾಜಾ ಕಟ್ಟಲಿ, ಮೇಲೆ ಬಾಲೇಕಿಲ್ಲಾ (ತುದಿಯ ಒಳಕೋಟೆ) ಎಲ್ಲಿ ಬರಬೇಕು ಅಂತ ನಕ್ಷೆ ಬರೆಯಲಿ. ಗೋಡೆ ಸೊಟ್ಟಗಾದರೆ ಆಗಲಿ. ಮಕ್ಕಳು ಮಲಗಿದ ಮೇಲೆ ನೀವು ಕೂತು ಸರಿ ಮಾಡಬೇಡಿ, ಬೆಳಿಗ್ಗೆ ಅವರಿಗೆ ಗೊತ್ತಾಗುತ್ತದೆ.

ಹಸಿರಿಗೆ ಅಳವಿ ಬೀಜ. ಇಲ್ಲಿಯ ಕಿರಾಣಿ ಅಂಗಡಿಯಲ್ಲಿ ಅಳೀವ್ ಅಂತ ಕೇಳಿದರೆ ಕೊಡುತ್ತಾರೆ. ಈ ಬೀಜ ನೀರು ತಾಗಿದ ಕೂಡಲೇ ಲೋಳೆ ಬಿಟ್ಟು ಮಣ್ಣಿಗೆ ಅಂಟಿಕೊಳ್ಳುತ್ತದೆ, ಹಾಗಾಗಿ ಇಳಿಜಾರಿನಲ್ಲೂ ಜಾರುವುದಿಲ್ಲ. ಒದ್ದೆ ಮಣ್ಣಿನ ಮೇಲೆ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ದಿನಕ್ಕೆ ಎರಡು ಮೂರು ಸಲ ನೀರು ಸಿಂಪಡಿಸಿ. ಎರಡು ಮೂರು ದಿನಕ್ಕೆ ಮೊಳಕೆ ಕಾಣುತ್ತದೆ, ವಾರದೊಳಗೆ ಹುಲ್ಲಿನ ಹಾಗೆ ನಿಲ್ಲುತ್ತದೆ. ಸಾಸಿವೆಯೂ ಆಗುತ್ತದೆ. ವಸುಬಾರಸ್‌ಗೆ ಐದಾರು ದಿನ ಇರುವಾಗ ಬಿತ್ತಿದರೆ ಸರಿಯಾದ ಲೆಕ್ಕ. ಮೊದಲ ಮೊಳಕೆ ನೋಡಲು ಹಲ್ಲುಜ್ಜುವುದನ್ನೂ ಬಿಟ್ಟು ಬಾಲ್ಕನಿಗೆ ಓಡುತ್ತಾರೆ, ತಡೆಯಬೇಡಿ.

ಮಾವಳೆ, ಮೂರ್ತಿ, ಪಣತಿ (ಹಣತೆ) ಎಲ್ಲ ಕಸಬಾ ಪೇಠೆಯ ಕುಂಭಾರವಾಡದಲ್ಲಿ ಒಂದೇ ಕಡೆ ಸಿಗುತ್ತವೆ. 2024ರ ಸೆಪ್ಟೆಂಬರಿನಲ್ಲಿ ನೆಲದಡಿಯ ಮೆಟ್ರೋ ಸ್ವಾರಗೇಟಿನವರೆಗೆ ಶುರುವಾದ ಮೇಲೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಸುಲಭವಾಗಿದೆ. ಕುಂಭಾರವಾಡಕ್ಕೆ ಕಸಬಾ ಪೇಠ ನಿಲ್ದಾಣ, ತುಳಶೀಬಾಗ್ ಪೇಟೆಗೆ ಮಂಡಯಿ ನಿಲ್ದಾಣ. ಎರಡು ವಾರ ಮುಂಚೆ, ಬೆಳಿಗ್ಗೆಯೇ ಹೋಗಿ. ಹಬ್ಬದ ಹಿಂದಿನ ಭಾನುವಾರ ಲಕ್ಷ್ಮೀ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಚಿಕ್ಕ ಮಗುವಿನ ಜೊತೆಗಂತೂ ಅದು ಬೇಡ. ಮಗುವಿಗೆ ಇಷ್ಟು ರೂಪಾಯಿ ಅಂತ ಕೈಗೆ ಕೊಟ್ಟು ಗೊಂಬೆಗಳನ್ನು ಅದೇ ಆರಿಸಲಿ, ಅದೇ ಲೆಕ್ಕ ಹಾಕಲಿ.

ಎರಡು ಎಚ್ಚರಿಕೆ. ಬಾಯಿಗೆ ಹೋಗುವಷ್ಟು ಚಿಕ್ಕ ಗೊಂಬೆ, ಕಲ್ಲು ಪುಟ್ಟ ಮಗುವಿನ ಕೈಗೆ ಸಿಗದ ಎತ್ತರದಲ್ಲಿ ಇರಲಿ. ಕಿಲ್ಲಾದ ಕೆರೆಯ ನೀರನ್ನು ದಿನಾ ಸಂಜೆ ಚೆಲ್ಲಿಬಿಡಿ. ಮಳೆಗಾಲ ಮುಗಿದ ಹೊತ್ತು ಡೆಂಗಿಯ ಹೊತ್ತು.

ಆಕಾಶಬುಟ್ಟಿ, ಪಣತಿ, ರಂಗೋಲಿ

ಬಿದಿರಿನ ತೆಳು ಕಡ್ಡಿ, ಪತಂಗದ ಕಾಗದ, ದಾರ, ಮೈದಾದ ಗೋಂದು ಇದ್ದರೆ ಆಕಾಶಬುಟ್ಟಿ ಮನೆಯಲ್ಲೇ ಆಗುತ್ತದೆ. ಒಂದೇ ಅಳತೆಯ ನಾಲ್ಕು ಚೌಕ ಕಟ್ಟಿ, ಅವುಗಳ ಮೂಲೆ ಮೂಲೆ ಸೇರಿಸಿ ಪೆಟ್ಟಿಗೆಯ ಹಾಗೆ ನಿಲ್ಲಿಸುವುದು ದೊಡ್ಡವರ ಕೆಲಸ. ಕಾಗದ ಅಂಟಿಸುವುದು, ಕೆಳಗೆ ಜೋತಾಡುವ ಬಾಲ ಕತ್ತರಿಸುವುದು ಮಕ್ಕಳ ಕೆಲಸ. ಕಡ್ಡಿಯ ತುದಿಯನ್ನು ಮೊದಲು ಮರಳು ಕಾಗದದಲ್ಲಿ ಉಜ್ಜಿ, ಇಲ್ಲದಿದ್ದರೆ ಸಿಬಿರು ಚುಚ್ಚುತ್ತದೆ. ಒಳಗೆ ಎಲ್‌ಇಡಿ ಬಲ್ಬೇ ಇರಲಿ, ಕಾಗದದ ಬುಟ್ಟಿಯೊಳಗೆ ಪಣತಿ ಇಡುವುದು ಬೇಡ.

ಪಣತಿಗಳನ್ನು ಹಿಂದಿನ ರಾತ್ರಿ ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಬೋರಲು ಹಾಕಿ ಒಣಗಿಸಿ. ಹಾಗೆ ಮಾಡಿದರೆ ಮಣ್ಣು ಎಣ್ಣೆ ಕುಡಿಯುವುದಿಲ್ಲ. ನೆನೆಹಾಕುವ ಕೆಲಸವನ್ನು ಚಿಕ್ಕವರಿಗೇ ಬಿಡಿ. ನೀರಿಗೆ ಬಿಟ್ಟ ಕೂಡಲೇ ಹೊಸ ಪಣತಿ ಸಣ್ಣ ಸಣ್ಣ ಗುಳ್ಳೆ ಬಿಡುತ್ತ ‘ಸುಸ್’ ಅನ್ನುತ್ತದೆ, ಒಂದೊಂದನ್ನೇ ಕಿವಿಗೊಟ್ಟು ಕೇಳುತ್ತ ಅರ್ಧ ಗಂಟೆ ಕೂರುತ್ತಾರೆ. ಬತ್ತಿ ಹೊಸೆಯುವುದನ್ನು ದೊಡ್ಡ ಮಕ್ಕಳು ಅಜ್ಜಿಯ ಹತ್ತಿರ ಕಲಿಯಲಿ. ರಂಗೋಲಿಗೆ ಚಿಕ್ಕ ಮಕ್ಕಳ ಕೈಗೆ ಅಕ್ಕಿ ಹಿಟ್ಟು ಕೊಡಿ, ಬಾಯಿಗೆ ಹೋದರೂ ಚಿಂತೆಯಿಲ್ಲ.

ಫರಾಳ: ಮೂರೇ ಮೂರು ಮಾಡಿ

ಚಕ್ಕುಲಿ, ಅವಲಕ್ಕಿ ಚೂಡಾ, ಶಂಕರಪಾಳಿ, ಕರ್ಜಿಕಾಯಿ, ಬೇಸನ್ ಉಂಡಿ, ರವೆ ಉಂಡಿ, ಅನಾರಸ. ಪೂರ್ತಿ ಪಟ್ಟಿ ಮಾಡಲು ಹೊರಟರೆ ವಾರವಿಡೀ ಒಲೆ ಮುಂದೆ ನಿಲ್ಲಬೇಕು. ಅನಾರಸಕ್ಕೆ ಅಕ್ಕಿಯನ್ನೇ ಮೂರು ದಿನ ನೆನೆಸಿ, ದಿನಾ ನೀರು ಬದಲಿಸಬೇಕು. ಮಕ್ಕಳು ಚಿಕ್ಕವರಿರುವಾಗ ಮನೆಯಲ್ಲಿ ಮೂರನ್ನು ಮಾಡಿ: ಚೂಡಾ, ಶಂಕರಪಾಳಿ, ಬೇಸನ್ ಉಂಡಿ. ಉಳಿದದ್ದನ್ನು ಹತ್ತಿರದ ಮಹಿಳಾ ಬಚತ್ ಗಟ್‌ನವರಿಗೆ (ಸ್ವಸಹಾಯ ಸಂಘದವರಿಗೆ) ಹೇಳಿ ಮಾಡಿಸಿ. ಅವರ ಮನೆಗೂ ಹಬ್ಬದ ದುಡ್ಡು ಸೇರುತ್ತದೆ.

ಶಂಕರಪಾಳಿಗೆ ಹಾಲು, ತುಪ್ಪ, ಸಕ್ಕರೆ ಒಂದೊಂದು ಬಟ್ಟಲು. ಸಕ್ಕರೆ ಕರಗುವವರೆಗೆ ಬಿಸಿ ಮಾಡಿ, ಆರಿಸಿ, ಹಿಡಿಸುವಷ್ಟು ಮೈದಾ ಹಾಕಿ ಗಟ್ಟಿಯಾಗಿ ಕಲಸಿ. ಸುಮಾರು ನಾಲ್ಕೈದು ಬಟ್ಟಲು ಬೇಕಾಗುತ್ತದೆ. ಅರ್ಧ ಗಂಟೆ ಮುಚ್ಚಿಟ್ಟು ಸ್ವಲ್ಪ ದಪ್ಪಗೆ ಲಟ್ಟಿಸಿ. ಕತ್ತರಿಸುವ ಹಲ್ಲಿನ ಚಕ್ರ ಮಕ್ಕಳ ಕೈಗೆ. ಒಂದು ದೊಡ್ಡದು, ಒಂದು ಸಣ್ಣದು ಆಗುತ್ತವೆ, ಗಾತ್ರ ನೋಡಿ ಎರಡು ಸಲಕ್ಕೆ ಕರಿದರೆ ಆಯಿತು. ಕರಿಯುವುದು ಮಾತ್ರ ಮಕ್ಕಳು ಮಲಗಿದ ಮೇಲೆ ಅಥವಾ ಅಪ್ಪನ ಜೊತೆ ಕೆಳಗೆ ಆಡಲು ಹೋದ ಮೇಲೆ. ಬಾಣಲೆಯ ಹಿಡಿಕೆ ಗೋಡೆಯ ಕಡೆ ತಿರುಗಿರಲಿ, ಮುಗಿದ ಮೇಲೆ ಬಿಸಿ ಎಣ್ಣೆ ಒಳಗಿನ ಕಟ್ಟೆಯ ಮೇಲೇ ಆರಲಿ.

ಬೇಸನ್ ಉಂಡಿಗೆ ಎರಡು ಬಟ್ಟಲು ಸ್ವಲ್ಪ ತರಿಯಾದ ಕಡಲೆಹಿಟ್ಟು, ಮುಕ್ಕಾಲರಿಂದ ಒಂದು ಬಟ್ಟಲು ತುಪ್ಪ, ಒಂದೂವರೆ ಬಟ್ಟಲು ಪುಡಿ ಸಕ್ಕರೆ. ಸಣ್ಣ ಉರಿಯಲ್ಲಿ ಇಪ್ಪತ್ತೈದು ಮೂವತ್ತು ನಿಮಿಷ ಹುರಿಯಲೇಬೇಕು, ಇದಕ್ಕೆ ಅಡ್ಡದಾರಿ ಇಲ್ಲ. ಮೊದಲು ಹಿಟ್ಟು ಗಟ್ಟಿ ಮುದ್ದೆಯಾಗಿ ಸೌಟಿಗೆ ಭಾರವಾಗಿರುತ್ತದೆ. ಆಮೇಲೆ ಸಡಿಲವಾಗಿ, ತುಪ್ಪ ಅಂಚಿನಲ್ಲಿ ಬಿಡಲು ಶುರುವಾಗುತ್ತದೆ. ಬಣ್ಣ ತಿರುಗಿ ಮನೆಯೆಲ್ಲ ಘಮ್ಮೆಂದ ಮೇಲೆ ಒಂದು ಚಮಚ ನೀರು ಚಿಮುಕಿಸಿ. ಬುಸ್ಸೆಂದು ನೊರೆ ಎದ್ದು ಹಿಟ್ಟು ರವೆರವೆಯಾಗುತ್ತದೆ. ಒಲೆ ಆರಿಸಿ, ಕೈಗೆ ಬೆಚ್ಚಗೆ ತಾಗುವಷ್ಟು ಆರಿದ ಮೇಲೆಯೇ ಸಕ್ಕರೆ, ಏಲಕ್ಕಿ ಹಾಕಿ. ಬಿಸಿಯಲ್ಲೇ ಹಾಕಿದರೆ ಸಕ್ಕರೆ ಕರಗಿ ಉಂಡಿ ತಟ್ಟೆಗೆ ಕೂತುಬಿಡುತ್ತದೆ. ಕಟ್ಟುವುದು ಮಕ್ಕಳ ಪಾಲು. ಅವರು ಕಟ್ಟಿದ ನೆಲ್ಲಿಕಾಯಿ ಗಾತ್ರದ ಉಂಡಿಗಳನ್ನೇ ಬೇರೆ ಡಬ್ಬದಲ್ಲಿಟ್ಟು ಬಂದವರಿಗೆ ಮೊದಲು ಅದನ್ನೇ ಕೊಡಿ.

ಚೂಡಾಕ್ಕೆ ಅರ್ಧ ಕಿಲೋ ಪೇಪರ್ ಅವಲಕ್ಕಿಯನ್ನು ಸಣ್ಣ ಉರಿಯಲ್ಲಿ ಗರಿಗರಿಯಾಗಿ ಹುರಿದಿಟ್ಟುಕೊಳ್ಳಿ. ಶೇಂಗಾ, ಪುಟಾಣಿ, ಒಣಕೊಬ್ಬರಿಯ ತೆಳು ಹೋಳು, ಕರಿಬೇವು, ಹಸಿಮೆಣಸಿನ ಒಗ್ಗರಣೆ ಹಾಕಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವರ ಪಾಲನ್ನು ಶೇಂಗಾ, ಕೊಬ್ಬರಿ, ಮೆಣಸು ಹಾಕುವ ಮೊದಲೇ ತೆಗೆದಿಡಿ.

ಫರಾಳದ ತಟ್ಟೆಯನ್ನು ಅಕ್ಕಪಕ್ಕದ ಮನೆಗೆ ಕೊಟ್ಟುಬರುವ ಕೆಲಸ ಮಕ್ಕಳದೇ ಆಗಲಿ. ಎದುರು ಮನೆಯ ಕಾಕೂ ಖಾಲಿ ತಟ್ಟೆ ವಾಪಸು ಕಳಿಸುವುದಿಲ್ಲ. ಅಲ್ಲಿಂದ ಬಂದ ಚಕ್ಕುಲಿಗೆ ಮನೆಯದಕ್ಕಿಂತ ಬೆಲೆ ಜಾಸ್ತಿ.

ಹಬ್ಬದ ದಿನಗಳು

ನೀರು ತುಂಬುವ ಸಂಜೆ ಹಂಡೆ ಇಲ್ಲದಿದ್ದರೆ ತಾಮ್ರದ ಕೊಡ, ಅದೂ ಇಲ್ಲದಿದ್ದರೆ ಸ್ಟೀಲಿನ ಬಕೆಟ್ಟು. ಮಕ್ಕಳು ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಲಿ, ಸುಣ್ಣ ಬೇಡ, ಒದ್ದೆ ಮಾಡಿದ ರಂಗೋಲಿ ಪುಡಿಯಲ್ಲಿ ಗೆರೆ ಎಳೆಯಲಿ. ಕುತ್ತಿಗೆಗೆ ಚೆಂಡು ಹೂವಿನ ಮಾಲೆ ಕಟ್ಟಿ, ಅರಿಸಿನ ಕುಂಕುಮ ಹಚ್ಚಿ, ನೀರು ತುಂಬಿ ಇಡಿ. ಉತ್ತರ ಕನ್ನಡದವರು ಹಂಡೆಗೆ ಹಿಂಡಲಕಾಯಿ ಬಳ್ಳಿ ಸುತ್ತುತ್ತಾರೆ.

ನರಕ ಚತುರ್ದಶಿಯ ಅಭ್ಯಂಜನ ಸೂರ್ಯ ಹುಟ್ಟುವ ಮೊದಲು. ಆ ಹೊತ್ತಿಗೆ ಪುಣೆಯಲ್ಲಿ ಸೂರ್ಯೋದಯ ಆರೂವರೆಯ ಸುಮಾರಿಗೆ, ಹಾಗಾಗಿ ಐದೂವರೆಗೆ ಎದ್ದರೂ ನಡೆಯುತ್ತದೆ. ಹಿಂದಿನ ರಾತ್ರಿ ಎಂಟೂವರೆಗೇ ಮಲಗಿಸಿ, ಬಟ್ಟೆ ಟವೆಲ್ಲು ಎಣ್ಣೆ ಬಟ್ಟಲು ತೆಗೆದಿಟ್ಟುಬಿಡಿ. ನಿದ್ದೆಗಣ್ಣಿನ ಮಗುವನ್ನು ಎಳೆದು ನಿಲ್ಲಿಸಬೇಡಿ. ಮಡಿಲಲ್ಲಿ ಕೂರಿಸಿಕೊಂಡು ಬೆಚ್ಚಗಿನ ಎಣ್ಣೆಯನ್ನು ಮೊದಲು ಪಾದಕ್ಕೆ ಹಚ್ಚಿ. ಮೈಗೆ ಉಜ್ಜುವ ಪುಡಿ ಉಟಣೆಯನ್ನು ಒಂದು ದಿನ ಮುಂಚೆ ಮೊಣಕೈ ಒಳಗೆ ಸ್ವಲ್ಪ ಹಚ್ಚಿ ನೋಡಿ, ಕೆಂಪಾಗದಿದ್ದರೆ ಮಾತ್ರ ಬಳಸಿ. ಎರಡು ವರ್ಷದೊಳಗಿನವರಿಗೆ ಕಡಲೆಹಿಟ್ಟು ಹಾಲು ಸಾಕು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಗೀಸರಿನ ಬಿಸಿನೀರು. ಇಲ್ಲಿ ಅನೇಕ ಮನೆಗಳಲ್ಲಿ ಆ ದಿನ ಮೋತಿ ಸಾಬೂನೇ ಆಗಬೇಕು, ನಮ್ಮ ಮಕ್ಕಳಿಗೂ ಈಗ ಹಾಗೆಯೇ.

ಕಾರೀಟ್ ಅನ್ನುವ ಪುಟ್ಟ ಕಹಿ ಕಾಯಿಯನ್ನು ನರಕಾಸುರ ಅಂತ ಭಾವಿಸಿ ಎಡಗಾಲಿನ ಹೆಬ್ಬೆರಳಿನಿಂದ ಒಡೆಯುವುದು ಮಹಾರಾಷ್ಟ್ರ, ಗೋವಾದ ರೂಢಿ. ಮಂಡಯಿಯಲ್ಲಿ ಹೂವಿನವರ ಹತ್ತಿರ ಸಿಗುತ್ತದೆ. ಒಬ್ಬೊಬ್ಬರಿಗೆ ಒಂದು ತನ್ನಿ, ಇಲ್ಲದಿದ್ದರೆ ಜಗಳ ಖಂಡಿತ. ಸ್ನಾನ ಆದ ಮೇಲೆ ಸಾಲಾಗಿ ಮಣೆಯ ಮೇಲೆ ಕೂರಿಸಿ ಆರತಿ ಮಾಡಿ.

ಲಕ್ಷ್ಮೀಪೂಜೆಯ ದಿನ ದೀಪಗಳೇ ಜಾಸ್ತಿ. ಪಣತಿಗಳನ್ನು ನೆಲದ ಬದಲು ಮಕ್ಕಳ ಸೊಂಟಕ್ಕಿಂತ ಮೇಲೆ ಇಡಿ, ಪರದೆಗಳನ್ನು ಗಂಟು ಹಾಕಿ ಮೇಲೆ ಕಟ್ಟಿ. ಹೆಣ್ಣುಮಕ್ಕಳಿಗೆ ಜರಿ ಪರಕರ ಬೆಳಗಿನ ಪೂಜೆಗೆ ಇರಲಿ, ಸಂಜೆಗೆ ಹತ್ತಿಯ ಬಟ್ಟೆಯೇ.

ಪಾಡ್ಯಮಿಗೆ ನಮ್ಮ ಕಡೆ ಸಗಣಿಯಲ್ಲಿ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡು ಹೂವು ಸಿಕ್ಕಿಸಿ ಬಾಗಿಲಲ್ಲಿ ಇಡುತ್ತಾರೆ. ಸಗಣಿಗೆ ಹಾಲಿನವರ ಹತ್ತಿರ ಮೊದಲೇ ಹೇಳಿಡಿ. ಸಿಗದಿದ್ದರೆ ಕಿಲ್ಲಾದ ಉಳಿದ ಮಣ್ಣಿದೆಯಲ್ಲ, ಅದರಲ್ಲೇ ಮಾಡಿ. ಹೂವು ಸಿಕ್ಕಿಸುವುದು ಚಿಕ್ಕವರ ಕೈಗೆ ಹೇಳಿ ಮಾಡಿಸಿದ ಕೆಲಸ.

ಭಾವುಬೀಜ್ ದಿನ ಅಣ್ಣತಮ್ಮಂದಿರಿಗೆ ಆರತಿ. ಒಬ್ಬಳೇ ಮಗಳಿದ್ದರೆ ಅವಳು ಚಂದ್ರನಿಗೆ ಆರತಿ ಮಾಡಲಿ, ಇಲ್ಲಿ ಆ ಪದ್ಧತಿಯೂ ಇದೆ.

ಪಟಾಕಿ

ಏಳು ವರ್ಷದೊಳಗಿನ ಮಕ್ಕಳ ಕೈಗೆ ನಾವು ಪಟಾಕಿ ಕೊಡುವುದಿಲ್ಲ, ಸುರಸುರಬತ್ತಿಯನ್ನೂ ಕೊಡುವುದಿಲ್ಲ. ಉರಿಯುವ ಸುರಸುರಬತ್ತಿಯ ಶಾಖ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆರಿದ ಮೇಲೂ ಆ ತಂತಿ ಚರ್ಮ ಸುಡುವಷ್ಟು ಕಾದಿರುತ್ತದೆ, ಬರಿಗಾಲಿನಲ್ಲಿ ತುಳಿದರೆ ಗಾಯ ಖಂಡಿತ. ಮುಗಿದ ತಂತಿಯನ್ನು ಕೂಡಲೇ ನೀರಿನ ಬಕೆಟ್ಟಿಗೆ ಹಾಕುವ ಅಭ್ಯಾಸ ಮಾಡಿಸಿ. ಹಾವಿನ ಮಾತ್ರೆ ಸದ್ದು ಮಾಡುವುದಿಲ್ಲ ಅಂತ ಪುಟ್ಟ ಮಕ್ಕಳಿಗೆ ಕೊಡುವವರಿದ್ದಾರೆ. 2016ರಲ್ಲಿ ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್ ನಡೆಸಿದ ಅಳತೆಯಲ್ಲಿ ಅತಿ ಹೆಚ್ಚು ಸೂಕ್ಷ್ಮ ಕಣ ಉಗುಳಿದ್ದು ಅದೇ ಹಾವಿನ ಮಾತ್ರೆ. ಮಕ್ಕಳು ಅದರ ಮೇಲೆ ಬಗ್ಗಿ ನೋಡುತ್ತಾರೆ ಬೇರೆ. ಅದನ್ನು ಮನೆಗೇ ತರಬೇಡಿ.

ದೊಡ್ಡ ಮಕ್ಕಳು ಹಟ ಮಾಡಿದರೆ ಒಂದು ಸಂಜೆ, ಸ್ವಲ್ಪ ಹೊತ್ತು, ದೊಡ್ಡವರು ಪಕ್ಕದಲ್ಲಿ ನಿಂತು. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿಗೆ ಕೊಟ್ಟ ಸಮಯ ರಾತ್ರಿ 8ರಿಂದ 10. ಪೊಲೀಸರು ಆಯಾ ವರ್ಷ ಏನು ಹೇಳಿದ್ದಾರೆ ಅಂತ ನೋಡಿಕೊಂಡೇ ಹೊರಡಿ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು, ಬೇರೆ ಏನೂ ಬೇಡ. ಟೂತ್‌ಪೇಸ್ಟು, ಇಂಕು, ಮಂಜುಗಡ್ಡೆ ಹಚ್ಚಬೇಡಿ. ಕಿಡಿ ಕಣ್ಣಿಗೆ ಬಿದ್ದರೆ ಉಜ್ಜದೆ ನೇರ ಆಸ್ಪತ್ರೆಗೆ. ಆಂಬುಲೆನ್ಸಿಗೆ 108, ಅಗ್ನಿಶಾಮಕಕ್ಕೆ 101.

ಹಬ್ಬ ಮುಗಿದ ಮೇಲೆ

ಆಕಾಶಬುಟ್ಟಿ ಕಾರ್ತಿಕ ಹುಣ್ಣಿಮೆಯವರೆಗೂ ತೂಗುತ್ತಿರಲಿ. ಕಿಲ್ಲಾವನ್ನು ತುಳಸಿ ಲಗ್ನದ ತನಕ ಇಟ್ಟುಕೊಂಡರೆ ಮಕ್ಕಳಿಗೆ ರಜೆ ಮುಗಿಯುವವರೆಗೆ ಆಟ ಸಿಗುತ್ತದೆ. ಆಮೇಲೆ ಅವರೇ ಕೆಡವಲಿ, ಮಣ್ಣನ್ನು ಕುಂಡಗಳಿಗೂ ಸೊಸೈಟಿಯ ತೋಟಕ್ಕೂ ಹಾಕಲಿ. ಗೋಣಿಚೀಲ ತೊಳೆದು ಒಣಗಿಸಿ ಮಡಚಿಡಿ. ಮಾವಳೆಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತಿ ಬೂಟಿನ ಪೆಟ್ಟಿಗೆಗೆ ಹಾಕಿ. ಮುಚ್ಚಳದ ಒಳಗಡೆ ಈ ವರ್ಷದ ಲೆಕ್ಕ ಬರೆದಿಡಿ: ಮಣ್ಣು ಎಷ್ಟು ಚೀಲ ಬೇಕಾಯಿತು, ಅಳವಿ ಯಾವ ದಿನ ಬಿತ್ತಿದಿರಿ, ಯಾವ ಗೊಂಬೆಯ ಕತ್ತಿ ಮುರಿದಿದೆ, ಮುಂದಿನ ವರ್ಷ ಯಾವ ಕೋಟೆ ಅಂತ ಮಕ್ಕಳು ಹೇಳಿದ್ದಾರೆ.